ದೊಡ್ಡ ಮನೆಯೋ ಚಿಕ್ಕ ಮನೆಯೋ



ವಾಡಿಯ ಕಡೆಯ ನಮ್ಮ ಸಹೋದರನೊಬ್ಬನು ಆರಾಧನೆ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಒಂದು ಮಾತನ್ನು ಕೇಳಿದನು. ಅವನ ಊರಂಚಿನಲ್ಲಿ ಹೊಸ ಸಾಲುಮನೆಗಳು ಎದ್ದಿವೆ. ಒಂದರ ಗೋಡೆಗೆ ಇನ್ನೊಂದರ ಗೋಡೆ ಕೂಡಿಕೊಂಡಿದೆ. ಎಲ್ಲಕ್ಕೂ ಮೇಲೆ ಸಿಮೆಂಟಿನ ಮಾಳಿಗೆ. ಸಾಲಿನ ನಡುವೆ 20 ಅಡಿಗೆ 30 ಅಡಿಯ ನಿವೇಶನದಲ್ಲಿ ಚಿಕ್ಕದೊಂದು, ಸಾಲಿನ ಕೊನೆಯಲ್ಲಿ 30ಕ್ಕೆ 40ರ ನಿವೇಶನದಲ್ಲಿ ದೊಡ್ಡದೊಂದು ಮಾರಾಟಕ್ಕಿವೆ. ಹೊಲದ ಪಾಲು ಮಾರಿದ ಹಣವೂ ಕೂಡಿಟ್ಟ ಹಣವೂ ಚಿಕ್ಕದಕ್ಕೆ ಸಾಲುವದು. ದೊಡ್ಡದಕ್ಕಾದರೋ ಇನ್ನೂ 5 ಲಕ್ಷ ರೂಪಾಯಿ ಸಾಲ ಮಾಡಬೇಕು. “ಅಯ್ಯನವರೇ, ಇವೆರಡರಲ್ಲಿ ಯಾವದನ್ನು ಕೊಂಡರೆ ದೇವರಿಗೆ ಮೆಚ್ಚಿಕೆಯಾಗುವದು?” ಎಂದು ಅವನು ಕೇಳಲಾಗಿ, ನಾನು ಹಿಂದುಮುಂದು ನೋಡದೆ, ಕಣಜಗಳನ್ನು ಕೆಡವಿ ದೊಡ್ಡವುಗಳನ್ನು ಕಟ್ಟಿಸಬೇಕೆಂದಿದ್ದ ಐಶ್ವರ್ಯವಂತನ ಸಾಮ್ಯವನ್ನು ಅವನಿಗೆ ನೆನಪಿಗೆ ತಂದು, ಚಿಕ್ಕದನ್ನೇ ಕೊಳ್ಳೆಂದು ಹೇಳಿಬಿಟ್ಟೆನು. ಅವನು ತಲೆ ತಗ್ಗಿಸಿ ಹೋದನು. ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ಯಾಕಂದರೆ ನಾನು ಉತ್ತರ ಕೊಟ್ಟೆನೇ ಹೊರತು ಅವನ ಪ್ರಶ್ನೆಯನ್ನು ಕೇಳಿಸಿಕೊಂಡಿರಲಿಲ್ಲ.

ಆ ಸಾಮ್ಯವನ್ನು ಲೂಕನ ಸುವಾರ್ತೆಯಲ್ಲಿ ಮತ್ತೆ ಓದಿ ನೋಡಿದೆನು. ಕಣಜದ ಉದ್ದಗಲಕ್ಕಾಗಿ ದೇವರು ಆ ಮನುಷ್ಯನನ್ನು ಬುದ್ಧಿಹೀನನೆನ್ನಲಿಲ್ಲ. ಅವನ ಮಾತಿನಲ್ಲಿ ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ ಎಂಬದರ ಹೊರತು ಇನ್ನೊಬ್ಬರ ಹೆಸರೇ ಇಲ್ಲ. ಹೆಂಡತಿಯಿಲ್ಲ, ನೆರೆಯವನಿಲ್ಲ, ಹೊಲದಲ್ಲಿ ದುಡಿದ ಆಳೂ ಇಲ್ಲ. ಆಲೋಚನೆ ಕೇಳುವದಕ್ಕೂ ತನ್ನ ಹೊರತು ಯಾರೂ ಇಲ್ಲ. ಅಂಥ ಮನಸ್ಸುಳ್ಳವನು ಗುಡಿಸಲಲ್ಲಿದ್ದರೂ ಅದೇ ಕಣಜದಲ್ಲಿದ್ದಾನೆ.

ಯೆರೆಮೀಯನ ಇಪ್ಪತ್ತೆರಡನೆಯ ಅಧ್ಯಾಯವು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಅಲ್ಲಿ ಅರಸನಾದ ಯೆಹೋಯಾಕೀಮನು ವಿಶಾಲವಾದ ಮನೆಯನ್ನು ಬಯಸಿ, ಅಗಲವಾದ ಕಿಟಕಿಗಳನ್ನು ಇಡಿಸಿ, ದೇವದಾರಿನ ಹಲಗೆ ಹೊದಿಸಿ ಕಟ್ಟಿಸುತ್ತಾನೆ. ಪ್ರವಾದಿಯು ಅವನಿಗೆ ಅಯ್ಯೋ ಎನ್ನುತ್ತಾನೆ. ಆದರೆ ಯಾತಕ್ಕೆ? ನೆರೆಯವನಿಂದ ಬಿಟ್ಟಿ ದುಡಿಸಿಕೊಂಡು ಕೂಲಿ ಕೊಡದೆ ಹೋದದ್ದಕ್ಕೆ. ಅವನ ತಂದೆಯಾದ ಯೋಷೀಯನೂ ಉಂಡು ಕುಡಿದವನೇ, ಆದರೂ ದೀನದರಿದ್ರರ ನ್ಯಾಯವನ್ನು ನಡಿಸಿದನೆಂದು ಪ್ರವಾದಿಯು ಅದೇ ಉಸಿರಿನಲ್ಲಿ ಹೊಗಳುತ್ತಾನೆ. ಆದಕಾರಣ ಮನೆಯ ಅಳತೆ ಕೇಳುವದಕ್ಕೆ ಮುಂಚೆ, ಅದನ್ನು ಕಟ್ಟಿದ ಕೈಗಳಿಗೆ ಕೂಲಿ ಸಂದಿತೋ ಎಂದು ಗುತ್ತಿಗೆದಾರನನ್ನು ಕೇಳಿದರೆ ತಪ್ಪಲ್ಲ. ಈ ಮಾತು ಬೇರೆ ಸೀಮೆಯವರಿಗೆ ಅಷ್ಟಾಗಿ ತಟ್ಟಲಿಕ್ಕಿಲ್ಲ, ನಮಗೆ ತಟ್ಟಬೇಕು. ಶಹಾಬಾದಿನ ಫರಸಿಕಲ್ಲು ಎಷ್ಟೋ ದೂರದ ಊರುಗಳಲ್ಲಿ ಮನೆಯ ನೆಲವಾಗಿದೆ. ಶಹಾಬಾದಿನ ಸಿಮೆಂಟು ಕಂಪೆನಿಯು 1936ರಲ್ಲಿ ಬೇರೆ ಕಂಪೆನಿಗಳೊಡನೆ ಸೇರಿ ಎ.ಸಿ.ಸಿ. ಎನಿಸಿತು, ವಾಡಿಯ ಕಾರ್ಖಾನೆ 1968ರಲ್ಲಿ ನಡೆಯತೊಡಗಿತು, ಸೇಡಮಿನಲ್ಲಿಯೂ ಮಳಖೇಡದಲ್ಲಿಯೂ ಆಮೇಲೆ ಬಂದವು. ಕಲ್ಲು ಒಡೆದವರೂ ಸಿಮೆಂಟಿನ ಚೀಲ ಹೊತ್ತವರೂ ನಮ್ಮ ಸಭೆಗಳಲ್ಲಿಯೇ ಇದ್ದಾರೆ. ಲೋಕಕ್ಕೆ ನೆಲ ಕೊಟ್ಟು ತಾವು ಮಣ್ಣಿನ ನೆಲದಲ್ಲಿ ಮಲಗಿದವರು ಎಷ್ಟು ಮಂದಿಯೋ!

ಅದರಿಂದಲೇ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ದೊಡ್ಡ ಮನೆಯ ಆಶೆಯನ್ನೆಲ್ಲಾ ಗರ್ವವೆಂದು ಹಳಿಯಬಾರದು. ನಮ್ಮ ಅಜ್ಜಂದಿರು ಊರಾಚೆಯ ಕೇರಿಯಲ್ಲಿ, ಬೆನ್ನು ಬಗ್ಗಿಸಿ ನುಗ್ಗಬೇಕಾದ ಬಾಗಿಲುಳ್ಳ ಗುಡಿಸಲುಗಳಲ್ಲಿ ಬಾಳಿದರು. ಆ ಬಾಗಿಲು ಅವರಿಗೆ ತಲೆ ಎತ್ತಬಾರದೆಂದು ದಿನಾಲು ಕಲಿಸುತ್ತಿತ್ತು. ಅಂಥವರ ಮೊಮ್ಮಗನು ನೆಟ್ಟಗೆ ನಿಂತು ಒಳಗೆ ಹೋಗುವ ಬಾಗಿಲನ್ನು ಬಯಸಿದರೆ ಅದು ಪಾಪವೋ? ಅಪೊಸ್ತಲನಾದ ಪೇತ್ರನು ಯೊಪ್ಪದಲ್ಲಿ ಇಳಿದುಕೊಂಡದ್ದು ತೊಗಲು ಹದಮಾಡುವ ಸೀಮೋನನ ಮನೆಯಲ್ಲಿ. ಆ ಕಸುಬನ್ನು ಅಶುದ್ಧವೆಂದು ಜನರು ದೂರವಿಡುತ್ತಿದ್ದ ಕಾಲವದು. ಆದರೂ ಆ ಮನೆಯ ಮಾಳಿಗೆಯ ಮೇಲೆಯೇ ಪೇತ್ರನಿಗೆ ದರ್ಶನವಾಯಿತು. ನಮ್ಮವರಿಗೂ ಮಾಳಿಗೆ ಇರಲಿ.

ಆದರೆ ತಲೆ ಎತ್ತುವದಕ್ಕೆ ಎಷ್ಟು ಅಡಿ ಬೇಕು? ಸರ್ಕಾರವು 2016ರಲ್ಲಿ ಹಳ್ಳಿಗಳಿಗಾಗಿ ತಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅಡಿಗೆಯ ಸ್ಥಳವೂ ಸೇರಿ ಮನೆಗೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಎಂದು ಗೊತ್ತುಮಾಡಿತು. ಅದಕ್ಕೆ ಮುಂಚಿನ ಇಂದಿರಾ ಆವಾಸದಲ್ಲಿ 20 ಮೀಟರ್ ಇತ್ತು. ಸಾಲಿನ ಚಿಕ್ಕ ಮನೆಯು ಇದಕ್ಕಿಂತ ದೊಡ್ಡದೇ. ಮಾನಕ್ಕೆ ಅದು ಸಾಕು. ಅದಕ್ಕೂ ಹೆಚ್ಚಾದದ್ದನ್ನು ಬೇಡುವಾಗ ಬೇರೆ ಕಾರಣವನ್ನು ತೋರಿಸಬೇಕಾಗುತ್ತದೆ.

ಈಗ ಸಾಲದ ಲೆಕ್ಕ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಎಣಿಸಬೇಕೆಂದು ಕರ್ತನು ಕಲಿಸಿದ್ದಾನೆ, ನಾವೂ ಎಣಿಸೋಣ. 5 ಲಕ್ಷ ರೂಪಾಯಿಯನ್ನು ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳಿಗೆ ಸುಮಾರು 4,500 ರೂಪಾಯಿ ಕಂತು. ಕೊನೆಗೆ ಕಟ್ಟಿದ್ದು 10 ಲಕ್ಷ 80 ಸಾವಿರದಷ್ಟಾಗುವದು. ಮನೆಗೆ ಹೋದದ್ದು 5 ಲಕ್ಷ, ಉಳಿದದ್ದು ಬಡ್ಡಿಗೆ. 10 ವರ್ಷಕ್ಕೆ ತೀರಿಸುವೆನೆಂದರೆ ಬಡ್ಡಿ ಅರ್ಧಕ್ಕಿಂತಲೂ ಕಡಿಮೆಯಾಗುವದು, ಆದರೆ ಕಂತು 6,300 ದಾಟುವದು. ತೊಗರಿ ಬೆಳೆದ ವರ್ಷ ಇದು ಹಗುರ. ಮಳೆ ಕೈಕೊಟ್ಟ ವರ್ಷ ಏನು? ಸೇಡಮ್, ಚಿತ್ತಾಪುರ, ಚಿಂಚೋಳಿಗಳ ಹಳ್ಳಿಗಳಿಂದ ಮುಂಬಯಿಗೂ ಪುಣೆಗೂ ಹೈದರಾಬಾದಿಗೂ ದುಡಿಯಹೋಗುವವರನ್ನು ನೀವೆಲ್ಲರೂ ಬಲ್ಲಿರಿ. ಹಸಿವಿಗಾಗಿ ಹೋಗುವವನನ್ನು ಯಾರೂ ತಡೆಯಲಾರರು. ಆದರೆ ಕಂತಿಗಾಗಿ ಮನೆ ಬಿಟ್ಟು ಹೋದವನು, ಮಕ್ಕಳಿಗಾಗಿ ಕೊಂಡ ಕೋಣೆಯಲ್ಲಿ ಆ ಮಕ್ಕಳೊಡನೆ ಮಲಗುವದು ವರ್ಷಕ್ಕೆ ಎಷ್ಟು ರಾತ್ರಿ? ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಸೇವಕನೆಂದು ಜ್ಞಾನೋಕ್ತಿಗಳಲ್ಲಿ ಹೇಳಿರುವದು ಇದನ್ನೇ. ಊರ ಗೌಡನ ಜೀತದಿಂದ ಬಿಡಿಸಿಕೊಂಡವರು ಕಾಗದಕ್ಕೆ ಜೀತವಿರಬೇಕೋ?

ವೆಸ್ಲಿಯು ತನ್ನ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಸಂಗತಿಯನ್ನು ಹೇಳುತ್ತಾನೆ. ಅವನಿಗೆ ವರ್ಷಕ್ಕೆ 30 ಪೌಂಡು ಬರುತ್ತಿದ್ದಾಗ 28ರಲ್ಲಿ ಜೀವಿಸಿ 2ನ್ನು ದಾನಮಾಡಿದನು. 60 ಬಂದಾಗಲೂ 90 ಬಂದಾಗಲೂ 120 ಬಂದಾಗಲೂ ಅದೇ 28ರಲ್ಲಿಯೇ ಜೀವಿಸಿ ಉಳಿದದ್ದನ್ನೆಲ್ಲಾ ಕೊಟ್ಟನು. ಆ ಯುವಕನು ವೆಸ್ಲಿಯೇ ಎಂದು ಅನೇಕರ ಅಭಿಪ್ರಾಯ. ಇದನ್ನು ಸಂಸಾರಸ್ಥರ ಮೇಲೆ ಹೊರಿಸುವದು ನ್ಯಾಯವಲ್ಲ. ಆ ಯುವಕನಿಗೆ ಮುದುಕಿಯಾದ ತಾಯಿಯೂ ಮೂರು ಮಕ್ಕಳೂ ಒಂದೇ ಮನೆಯಲ್ಲಿ ಇದ್ದರೆಂದು ಎಲ್ಲಿಯೂ ಹೇಳಿಲ್ಲ. ಆದರೂ ವರಮಾನ ಏರಿದ ಕೂಡಲೆ ಗೋಡೆಯೂ ದೂರ ಸರಿಯಲೇಬೇಕೆಂಬ ವಿಧಿಯಿಲ್ಲವೆಂಬದನ್ನಾದರೂ ಅವನಿಂದ ಕಲಿಯಬಹುದು.

ನಾನು ಮುಂದಿನ ವಾರ ಆ ಸಹೋದರನ ಬಳಿಗೆ ನಾನಾಗಿಯೇ ಹೋದೆನು. ದೊಡ್ಡ ಮನೆ ಯಾಕೆ ಬೇಕೆಂದು ಕೇಳಿದಾಗ, ಪ್ರಾರ್ಥನಾಕೂಟ ನಡಿಸುವದಕ್ಕೆ ಎಂದನು. ಈ ಕಾರಣವನ್ನು ಕೇಳಿದರೆ ನನಗೆ ಸ್ವಲ್ಪ ಅಂಜಿಕೆ. ನಮಗೆ ಬೇಕಾದದ್ದಕ್ಕೆ ಕರ್ತನ ಹೆಸರಿಡುವದು ಸುಲಭ. ಈಗಿರುವ ತಗಡಿನ ಮನೆಯಲ್ಲಿ ಕೂಟ ನಡೆಯುತ್ತಿದೆಯೋ ಎಂದು ಕೇಳಿದೆನು, ನಡೆಯುತ್ತಿಲ್ಲವೆಂದು ನಾಚಿಕೊಂಡನು. ಶೂನೇಮಿನ ಸ್ತ್ರೀಯು ಎಲೀಷನಿಗಾಗಿ ಮಾಳಿಗೆಯ ಮೇಲೆ ಚಿಕ್ಕ ಕೋಣೆಯನ್ನು ಕಟ್ಟಿಸಿ ಮಂಚ, ಮೇಜು, ಪೀಠ, ದೀಪ ಇವಿಷ್ಟನ್ನೇ ಇಟ್ಟಳು. ಅದಕ್ಕೂ ಮುಂಚೆ ಅವನಿಗೆ ಊಟ ಹಾಕುವದು ಅವಳ ರೂಢಿಯಾಗಿತ್ತು.

ಆಗ ಅವನ ಹೆಂಡತಿಯು ಒಳಗಿನಿಂದಲೇ ನಿಜವಾದ ಕಾರಣವನ್ನು ಹೇಳಿದಳು. ಅತ್ತೆಗೆ ಮೊಣಕಾಲು ಬಗ್ಗುವದಿಲ್ಲ. ಚಿಕ್ಕ ಮನೆಯಲ್ಲಿ ಕೆಳಗೆ ಒಂದೇ ಕೋಣೆ, ಇನ್ನೊಂದು ಮೆಟ್ಟಲೇರಿ ಮೇಲೆ. ದೊಡ್ಡದರಲ್ಲಿ ಕೆಳಗೇ ಎರಡು. ನನ್ನ ಮೊದಲಿನ ಉತ್ತರವು ಎಷ್ಟು ಪೊಳ್ಳೆಂದು ಆಗ ತಿಳಿಯಿತು. ತಾಯಿಗೋಸ್ಕರ ಮಾಡುವ ಸಾಲವೂ ಬೀದಿಯವರ ಕಣ್ಣಿಗೋಸ್ಕರ ಮಾಡುವ ಸಾಲವೂ ಬ್ಯಾಂಕಿನ ಪುಸ್ತಕದಲ್ಲಿ ಒಂದೇ ಆಗಿ ಕಂಡರೂ ದೇವರ ಮುಂದೆ ಒಂದಲ್ಲ. ಆದರೂ ಮುದುಕಿಯನ್ನೂ ಕೇಳಬೇಕಲ್ಲವೋ? ಕೇಳಿದೆವು. ಕೆಳಗಿನ ಕೋಣೆ ತನಗೆ, ಮೇಲಿನದು ಮಗ ಸೊಸೆಗೆ, ಮಕ್ಕಳು ತನ್ನ ಬಳಿಯಲ್ಲಿ ಎಂದಳು. ಮಗನು ಮುಂಬಯಿಗೆ ಹೋಗುವದಾದರೆ ತನಗೆ ಯಾವ ಕೋಣೆಯೂ ಬೇಡವೆಂದಳು.

ನಾಲ್ವರೂ ಹೋಗಿ ಮನೆಗಳನ್ನು ನೋಡಿದೆವು. ಕೊನೆಯ ಮನೆಗೆ ಪಕ್ಕದಲ್ಲಿ ಬೆಳಕಿಂಡಿ ಇದೆ, ಗಾಳಿ ಬರುತ್ತದೆ. ಆದರೆ ಆ ಗೋಡೆ ಪಡುವಣಕ್ಕಿರುವದರಿಂದ ನಮ್ಮ ಮೇ ತಿಂಗಳ ಬಿಸಿಲು ಮಧ್ಯಾಹ್ನವೆಲ್ಲಾ ಅದರ ಮೇಲೆಯೇ. ನಡುವಿನ ಮನೆಗೆ ಎರಡು ಪಕ್ಕದಲ್ಲಿಯೂ ನೆರೆಯವರ ಗೋಡೆಯೇ ನೆರಳು. ಅವರ ಕೆಮ್ಮೂ ಜಗಳವೂ ಕೇಳಿಸುವವು, ನಮ್ಮದೂ ಅವರಿಗೆ ಕೇಳಿಸುವದು. ಎರಡು ಮನೆಗಳ ಮಾಳಿಗೆಗೂ ಗುತ್ತಿಗೆದಾರನು ತಡೆಗೋಡೆಯನ್ನು ಕಟ್ಟಿಸಿರಲಿಲ್ಲ. ಹೊಸ ಮನೆ ಕಟ್ಟುವವನು ಯಾರೂ ಬಿದ್ದು ಸಾಯದಂತೆ ಮಾಳಿಗೆಯ ಸುತ್ತಲೂ ಗೋಡೆ ಕಟ್ಟಿಸಬೇಕೆಂದು ಧರ್ಮೋಪದೇಶಕಾಂಡದಲ್ಲಿ ಆಜ್ಞೆಯಿದೆ. ಮನೆ ಎಷ್ಟು ದೊಡ್ಡದಿರಬೇಕೆಂಬದಕ್ಕೆ ಮಾತ್ರ ಅಲ್ಲಿ ಆಜ್ಞೆಯಿಲ್ಲ. ಆ ಸಹೋದರನು ಚಿಕ್ಕ ಮನೆಯ ಮಾಳಿಗೆಯನ್ನು ಹೆಜ್ಜೆಯಿಂದ ಅಳೆದು, ಮೂರಡಿ ಗೋಡೆಗೆ ಇಟ್ಟಿಗೆ ಎಷ್ಟು ಹಿಡಿಯುವದೆಂದು ಮೇಸ್ತ್ರಿಯನ್ನು ಕೇಳುತ್ತಿರುವಾಗ ನಾನು ರೈಲಿಗೆ ಹೊರಟೆನು.