ಕಲ್ಲಿಗೂ ಒಂದು ಉಂಬಳಿ

ಹಳ್ಳಿಗಳಲ್ಲಿ ಶಾಸನದ ಪಡಿಯಚ್ಚು ತೆಗೆಯುವವರಿಗೆ ಮೊದಲು ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ನಿಧಿ ಎಲ್ಲೈತೆ ಅಂತ ಬರ್ದೈತಾ ಸಾ?’ ತುಮಕೂರು ಕಡೆಯ ಕೆರೆ ಏರಿಯೊಂದರ ಮೇಲೆ ಗೆಳೆಯರೊಬ್ಬರು ವೀರಗಲ್ಲಿನ ಅಚ್ಚು ತೆಗೆಯುವುದನ್ನು ನೋಡುತ್ತ ನಿಂತಿದ್ದೆ. ಅವರು ನಾರಿನ ಬ್ರಷ್ಷಿನಲ್ಲಿ ಪಾಚಿ ಉಜ್ಜಿದರು. ಒದ್ದೆ ಕಾಗದ ಹರಡಿ, ಅದು ಅಕ್ಷರಗಳ ಗುಳಿಗೆ ಇಳಿಯುವಂತೆ ಬಡಿದರು. ಕಾಗದ ಅರೆಬರೆ ಆರಿದಾಗ ಬಟ್ಟೆಯುಂಡೆಯನ್ನು ಮಸಿಗೆ ಅದ್ದಿ ಮೆಲ್ಲಗೆ ತಟ್ಟತೊಡಗಿದರು. ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಮೂಡುತ್ತಿದ್ದಂತೆ ದನ ಕಾಯುತ್ತಿದ್ದ ಅಜ್ಜ ಹತ್ತಿರಕ್ಕೇ ಬಂದ. ತುರು ಹಿಡಿಯಲು ಬಂದವರೊಡನೆ ಕಾದಿ ಸತ್ತವನ ಕಲ್ಲು, ಅವನ ಮನೆಯವರಿಗೆ ಗದ್ದೆ ಬಿಟ್ಟುಕೊಟ್ಟಿದ್ದಾರೆ ಎಂದು ಗೆಳೆಯರು ಓದಿ ಹೇಳಿದರು. ಅಜ್ಜ ನಿಧಿಯ ಮಾತು ಬಿಟ್ಟ. ‘ಗದ್ದೆ ಯಾವ್ದು ಅಂತ ಬರ್ದೈತಾ?’ ಎಂದ.

ಅಜ್ಜ ಕೇಳಿದ್ದೇ ಸರಿ. ನಮ್ಮ ಶಾಸನಗಳಲ್ಲಿ ಬಹುಪಾಲು ದತ್ತಿಯ ಪತ್ರಗಳೇ. ರಾಜನ ಬಿರುದುಗಳ ಸಾಲು ಮುಗಿದ ಮೇಲೆ ಬರುವ ಸಂಗತಿ ಇಷ್ಟೇ: ಯಾವ ಕೆಲಸಕ್ಕೆ ಯಾವ ಭೂಮಿ, ಅದರ ಎಲ್ಲೆ ಎಲ್ಲಿಗೆ, ನೋಡಿಕೊಳ್ಳುವವರು ಯಾರು. ಕೆರೆಯ ಕೆಲಸಕ್ಕೆ ಬಿತ್ತುವಟ್ಟ, ಕಾದಿ ಸತ್ತವನ ಮನೆಗೆ ನೆತ್ತರುಗೊಡಗೆ. ಗುಡಿಯ ಬಿರುಕು ಒಡಕು ಸರಿಪಡಿಸಲು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು, ಬೇರೆಯೇ ಹುಟ್ಟುವಳಿ. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಆರು ಮಂದಿ ಸರಸ್ವತೀ ಭಾಂಡಾರಿಗರನ್ನೂ, ಅಂದರೆ ಗ್ರಂಥ ಕಾಯುವವರನ್ನೂ, ಮರೆತಿಲ್ಲ. ಕಟ್ಟಲು ಒಮ್ಮೆ ಕೊಟ್ಟರೆ ಮುಗಿಯಿತೆಂದು ದತ್ತಿ ಬಿಟ್ಟವರು ಭಾವಿಸಿರಲಿಲ್ಲ. ಉಳಿಸಿಕೊಳ್ಳಲು ವರ್ಷವರ್ಷವೂ ಬೆಳೆ ಬರಬೇಕಿತ್ತು. (ದತ್ತಿ ನುಂಗುವವರು ಆಗಲೂ ಇದ್ದರು. ಇಲ್ಲವಾದರೆ ಶಾಸನದ ಕೊನೆಯಲ್ಲಿ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟೀತೆಂದು ಬೆದರಿಸುವ ಅಗತ್ಯವೇನಿತ್ತು?)

ನಾವು ಹಣ ಕೊಡುವ ರೀತಿ ಬೇರೆ. ಹಳೆಯ ನೆಲೆಗಳನ್ನು ಅಗೆಯಲು ಹೇಗೋ ಸಿಗುತ್ತದೆ, ತಂತಿಬೇಲಿಗೂ ನೀಲಿ ಬೋರ್ಡಿಗೂ ಸಿಗುತ್ತದೆ. ಅಗೆದ ಮೇಲಿನ ಕೆಲಸಕ್ಕೆ ಕೈ ಬಿಗಿ. ಮಡಕೆಚೂರು ತೊಳೆದು ನಂಬರು ಹಾಕಬೇಕು, ಚಿತ್ರ ಬರೆಯಬೇಕು, ಇದ್ದಿಲನ್ನು ಕಾಲನಿರ್ಣಯಕ್ಕೆ ಕಳಿಸಬೇಕು, ವರದಿ ಬರೆಯಬೇಕು. ಇವಕ್ಕೆ ಉದ್ಘಾಟನೆಯೂ ಇಲ್ಲ, ಫೋಟೊವೂ ಇಲ್ಲ. ಆದರೆ ಅಗೆದ ನೆಲವನ್ನು ಮತ್ತೆ ಅಗೆಯಲು ಬರುವುದಿಲ್ಲ. ವರದಿ ಬಾರದಿದ್ದರೆ ಅದು ಹಾಳುಗೆಡವಿದ ಲೆಕ್ಕವೇ.

ಅದೇ ಚಿತ್ತಾಪುರ ಸೀಮೆಯ, ಭೀಮಾ ದಂಡೆಯ ಸನ್ನತಿಯನ್ನೇ ನೋಡಿ. 1986ರಲ್ಲಿ ಅಲ್ಲಿನ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಮೂರ್ತಿ ನಿಲ್ಲಿಸಲು ಯಾರೋ ಅದರ ನಡುವೆಯೇ ತೂತು ಕೊರೆದಿದ್ದರು. ಅಕ್ಷರ ಕೆಡಿಸಿದ ಪೂಜೆಯೇ ಕಲ್ಲನ್ನು ಉಳಿಸಿತ್ತು ಎಂದರೂ ಸುಳ್ಳಲ್ಲ. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ದೊಡ್ಡ ಸ್ತೂಪ ಹೊರಬಂತು. ಒಂದು ಶಿಲ್ಪದ ಮೇಲೆ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿದೆ. ಪೂರ್ಣ ವರದಿ ಅಚ್ಚಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ಅದೂ ಇಂಗ್ಲಿಷಿನಲ್ಲಿ. ಕೆತ್ತಿದ ಹಲಗೆಗಳು ಬಹುಕಾಲ ಬಯಲಲ್ಲೇ ಇದ್ದವು. ಭೀಮಾ ದಂಡೆಯ ಮಗುವಿಗೆ ಅಶೋಕ ಪಾಟಲಿಪುತ್ರದವನಾಗಿಯೇ ಉಳಿದರೆ ತಪ್ಪು ಮಗುವಿನದಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ವೇಳೆ ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಕಲ್ಲನ್ನು ಕಾಪಾಡಲು ಮುಂದಾದವರು ಸ್ವಯಂಸೇವಕರೂ ಅಕ್ಕಪಕ್ಕದ ಮನೆಯವರೂ. ಆಮೇಲೆ ಮಂಟಪ ಎದ್ದದ್ದೂ ಜನ ಕೈಯಿಂದ ಹಾಕಿದ ಹಣದಲ್ಲಿ. ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತ ಬಂದಿದ್ದಾರೆ. ಐಟಿ ಊರಿಗೆ ಇದು ಸಲೀಸು, ಉಳಿದ ಊರುಗಳ ಪಾಡೇನು ಎಂದು ಕೇಳಬಹುದು, ಕೇಳಲೇಬೇಕು.

ಇನ್ನೂ ತೊಡಕಿನ ಮಾತೆಂದರೆ, ಹಣ ನೇರ ಊರವರ ಕೈಗೆ ಬಂದರೆ ಏನಾಗುತ್ತದೆ? ಹಲವು ಕಡೆ ಆದದ್ದನ್ನು ಕಂಡಿದ್ದೇನೆ: ಗುಡಿಯ ಗೋಡೆಗೆ ಟೈಲ್ಸು, ವೀರಗಲ್ಲಿಗೆ ಆಯಿಲ್ ಪೇಂಟು. ಅದು ಅಸಡ್ಡೆಯಲ್ಲ, ಭಕ್ತಿ. ಆದ್ದರಿಂದಲೇ ದುಡ್ಡಿಗಿಂತ ಮೊದಲು ಆ ಕಲ್ಲನ್ನು ಓದಿ ಹೇಳುವವರು ಊರಲ್ಲೇ ಇರಬೇಕು ಎಂದು ನನಗನಿಸುತ್ತದೆ. ವರ್ಷಕ್ಕೊಮ್ಮೆ ಬಂದು ಪರಂಪರೆ ಸಪ್ತಾಹದ ಭಾಷಣ ಮಾಡಿ ಹೋಗುವವರಿಂದ ಇದು ಆಗದು. ಮೇಷ್ಟ್ರು, ಪಂಚಾಯ್ತಿ ಲೈಬ್ರರಿಯವರು, ಹತ್ತನೇ ಕ್ಲಾಸು ಮುಗಿಸಿದ ಹುಡುಗಿ, ಯಾರಾದರೂ ಸರಿ. ಅವರಿಗೆ ಲಿಪಿ ಕಲಿಸಿ, ತಿಂಗಳಿಗೊಂದಿಷ್ಟು ಗೌರವಧನ ಗೊತ್ತುಮಾಡಿದರೆ ಖರ್ಚು ಒಂದು ಕಾಂಪೌಂಡು ಗೋಡೆಗಿಂತ ಕಡಿಮೆಯೇ ಆದೀತು.

ಆ ಕೆರೆ ಏರಿಯ ಪಕ್ಕದ ಊರಿನ ಮೇಷ್ಟ್ರೊಬ್ಬರು ಎಂಟನೇ ತರಗತಿಯ ಮಕ್ಕಳನ್ನು ಸುತ್ತಲ ಶಾಸನಗಳಿಗೆ ಕರೆದೊಯ್ಯಲು ಹೊರಟಿದ್ದಾರೆ. ಟೆಂಪೋ ಬಾಡಿಗೆಯನ್ನು ಯಾವ ಲೆಕ್ಕಶೀರ್ಷಿಕೆಯಡಿ ತೋರಿಸುವುದೆಂದು ಅವರು ಕೇಳಿದಾಗ ನನಗೂ ಗೆಳೆಯರಿಗೂ ಹೊಳೆಯಲಿಲ್ಲ. ಸದ್ಯಕ್ಕೆ ಕ್ರೀಡಾ ಸಾಮಗ್ರಿ ಎಂದು ಬರೆಯುತ್ತಾರಂತೆ.