ಅಜೀಜನಿಗೆ ಬಿದ್ದ ಸಿಳ್ಳೆ

ನಾಟಕ ನೋಡುವುದನ್ನು ಮರಿಯಮ್ಮನಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆ. ನಾಗರತ್ನಮ್ಮನವರಂಥ ಕಲಾವಿದೆಯ ಊರು ಅದು. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎನ್ನುವ, ಪಾತ್ರ ಮೆಚ್ಚಿಗೆಯಾದರೆ ವೇದಿಕೆ ಹತ್ತಿ ನೋಟು ಕೊಟ್ಟು ಆಯೇರಿ ಮಾಡುವ ಜನ. ಅಂಥವರ ಮುಂದೆ 1996ರ ಬೇಸಿಗೆಯ ಒಂದು ರಾತ್ರಿ ಹೊರಗಿನಿಂದ ಬಂದ ಹುಡುಗರು ಗಿರೀಶ ಕಾರ್ನಾಡರ ‘ತುಘಲಕ್’ ಆಡಿದರು. ಹಾರ್ಮೋನಿಯಂ ಇಲ್ಲ, ಬಣ್ಣದ ಪರದೆಯೂ ಇಲ್ಲ. ಅರ್ಧಕ್ಕೇ ಜನ ಎದ್ದು ಹೋದಾರೆಂದು ನನಗೆ ಅಳುಕಿತ್ತು.

ಯಾರೂ ಏಳಲಿಲ್ಲ. ಕಾರಣ ಸುಲ್ತಾನನಲ್ಲ, ಅಗಸರ ಅಜೀಜ. ಬ್ರಾಹ್ಮಣನ ಹೆಸರು ಹೇಳಿಕೊಂಡು, ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದು ಬರುತ್ತಾನಲ್ಲ, ಆಗ ಬಿದ್ದ ಸಿಳ್ಳೆ ಹೇಳತೀರದು. ನಾಟಕ 1964ರಲ್ಲಿ ಪ್ರಕಟವಾದ ಮೇಲೆ ಓದಿದವರು ಅದರಲ್ಲಿ ನೆಹರೂ ಕಾಲದ ಕನಸು ಮುರಿದದ್ದನ್ನು ಕಂಡರು. ನಮ್ಮ ಜನ ಅಷ್ಟು ದೂರ ಹೋಗಲಿಲ್ಲ. ದೊಡ್ಡವರ ಕಾನೂನಿನಿಂದಲೇ ದೊಡ್ಡವರಿಗೆ ಟೋಪಿ ಹಾಕಿದವನು ಅವರಿಗೆ ಬೇಕಾದವನಾದ. ಬಡವನಿಗೆ ಗೆಲುವು ಸಿಗುವುದೇ ನಾಟಕದಲ್ಲಿ. ಅದಕ್ಕೂ ಸಿಳ್ಳೆ ಹಾಕಬಾರದೆಂದರೆ ಹೇಗೆ?

ಆಮೇಲೆ ದಿಲ್ಲಿಯ ಜನ ದೌಲತಾಬಾದಿಗೆ ಹೊರಟ ದೃಶ್ಯ. ಅಜೀಜ ಈಗ ದಾರಿಯ ಅಧಿಕಾರಿ. ಸಾಯುತ್ತಿರುವ ಕೂಸನ್ನು ಹಕೀಮನಿಗೆ ತೋರಿಸಿ ಬರುತ್ತೇನೆಂದು ತಾಯಿಯೊಬ್ಬಳು ಬೇಡಿದರೆ ಲಂಚ ಕೇಳುತ್ತಾನೆ. ಅಲ್ಲಿಯೂ ಒಂದಷ್ಟು ಜನ ನಕ್ಕರು. ನಾನೂ ನಕ್ಕೆ. ಪಕ್ಕದ ಚಾಪೆಯ ಮೇಲಿದ್ದ ಹಿರಿಯ ಹೆಂಗಸೊಬ್ಬರು ತಿರುಗಿ, “ನಗಬ್ಯಾಡ ತಮ್ಮಾ, ನಾವೂ ಹಿಂಗಽ ಬಂದೀವಿ” ಎಂದರು.

ನಾರಾಯಣದೇವರಕೆರೆಯವರು. 1953ರಲ್ಲಿ ತುಂಗಭದ್ರೆಯ ನೀರು ನಿಲ್ಲಿಸಿದಾಗ ಮುಳುಗಿದ ತೊಂಬತ್ತರಷ್ಟು ಹಳ್ಳಿಗಳಲ್ಲಿ ಅದೂ ಒಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬಾಗಿಲು, ತೊಲೆಗಳನ್ನು ಚಕ್ಕಡಿಗೆ ಹೇರಿಕೊಂಡು ಬಂದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಆಕೆ ಮತ್ತೆ ನಾಟಕದ ಕಡೆ ತಿರುಗಿದರು.

ನನಗೆ ನಾಟಕ ಅಲ್ಲಿಗೇ ನಿಂತಿತು. ನನ್ನ ಅಪ್ಪ ಆ ಕಾಲದಲ್ಲಿ ಪರಿಹಾರದ ಪಟ್ಟಿ ಬರೆಯುತ್ತಿದ್ದ ಗುಮಾಸ್ತ. ಊಟಕ್ಕೆ ಕುಳಿತಾಗ ಕಚೇರಿಯ ಕತೆ ಹೇಳುತ್ತಿದ್ದ. ಇಲ್ಲದ ಬಾವಿಗೆ ದುಡ್ಡು ಬರೆಸಿಕೊಂಡ ರೈತನದೊಂದು ಕತೆ. ಹೆಬ್ಬೆಟ್ಟು ಒತ್ತಲು ಬಂದ ವಿಧವೆಯಿಂದ ‘ಚಹಾದ ಖರ್ಚು’ ಕಿತ್ತವನದು ಇನ್ನೊಂದು. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದ, ನಾವು ಒಂದೇ ಸಮ ನಗುತ್ತಿದ್ದೆವು. ಕಿತ್ತವನು ಯಾರೆಂದು ಅಪ್ಪ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಾಟಕದಲ್ಲಿ ನಕ್ಕರೆ ಪಾಪವೇನು, ಅದು ಆಟವಷ್ಟೆ ಎನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ನಗೆಯನ್ನು ನಾನು ರಂಗದ ಮುಂದೆ ಕಲಿತದ್ದಲ್ಲ, ಮನೆಯಿಂದ ತಂದದ್ದು. ಅಜೀಜನ ಜಾಣತನ ಎರಡು ದೃಶ್ಯದಲ್ಲೂ ಅದೇ. ಮೊದಲನೆಯದರಲ್ಲಿ ಕಳೆದುಕೊಂಡವನು ಸುಲ್ತಾನ, ಎರಡನೆಯದರಲ್ಲಿ ಆ ತಾಯಿ. ಆ ವ್ಯತ್ಯಾಸ ನೋಡಬೇಕಾದವನು ನಾನು, ಅಜೀಜನಲ್ಲ. ಕಡೆಗೆ ಸುಲ್ತಾನನೇ ಅವನನ್ನು ಕ್ಷಮಿಸಿ ಅಧಿಕಾರ ಕೊಡುತ್ತಾನೆ. ಅದನ್ನು ಕಂಡು ಬೈದವರೆಲ್ಲ ಮೊದಲು ಸಿಳ್ಳೆ ಹಾಕಿದವರೇ.

ಮುಗಿದ ಮೇಲೆ ರೂಢಿಯಂತೆ ಆಯೇರಿ ಶುರುವಾಯಿತು. ಅಜೀಜನಿಗೇ ಹೆಚ್ಚು. ಆಕೆ ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು ತೆಗೆದು, “ಆ ಕೂಸಿನ ತಾಯಿ ಆಗಿದ್ಲಲ್ಲ, ಆ ಹುಡುಗಿಗೆ ಕೊಡಪ್ಪ” ಎಂದರು. ವೇದಿಕೆ ಹತ್ತಿದೆ. ಯಾರ ಹೆಸರು ಹೇಳಲಿ ಎಂದು ಮೈಕಿನವನು ಕೇಳಿದ. ಆಕೆಯ ಹೆಸರು ನಾನು ಕೇಳಿರಲಿಲ್ಲ. ನಾರಾಯಣದೇವರಕೆರೆಯವರು ಎಂದೆ.