ಸೆರೆಯಲ್ಲಿರುವ ಸರ್ಪಮಾತೆಯೂ ಮನುಷ್ಯನ ಧರ್ಮವೂ

ಕಾಸರಗೋಡು ಸೀಮೆಯಲ್ಲಿ ಕನ್ನಡಿಗರೂ ತುಳುವರೂ ನಾಗಬನವೆಂದು ಕರೆಯುವುದನ್ನೇ ಮಲೆಯಾಳಿಗರು ಕಾವು ಎಂದು ಕರೆಯುತ್ತಾರೆ. ಹೆಸರು ಎರಡಾದರೂ ನಿಯಮವೊಂದೇ: ಅಲ್ಲಿ ಮರ ಕಡಿಯಬಾರದು, ಹುತ್ತವನ್ನು ಅಗೆಯಬಾರದು, ನಾಗನ ನೆಲೆಯನ್ನು ಕದಡಬಾರದು. ಪೂರ್ವಿಕರು ನಾಗನನ್ನು ಹಿಡಿದು ತಂದು ಮನೆಯಲ್ಲಿಟ್ಟು ಪೂಜಿಸಲಿಲ್ಲ. ಆತನಿದ್ದಲ್ಲಿಗೆ ತಾವೇ ಹೋಗಿ ಕೈಮುಗಿದು, ಆತನಿಗೆ ತೊಂದರೆಯಾಗದಂತೆ ಹಿಂದಿರುಗಿದರು. ಭಕ್ತಿಯ ಒಂದು ಮುಖವು ದೂರ ನಿಲ್ಲುವುದೇ ಆಗಿದೆಯೆಂಬ ವಿವೇಕವು ಈ ಆಚಾರದಲ್ಲಿ ಅಡಗಿದೆ.

ಆದರೆ ಎಲ್ಲ ಹಾವುಗಳಿಗೂ ಬನದ ಸ್ವಾತಂತ್ರ್ಯವು ದೊರೆಯುವುದಿಲ್ಲ. ಮೃಗಾಲಯಗಳಲ್ಲಿಯೂ, ಗಾಯಗೊಂಡ ಪ್ರಾಣಿಗಳನ್ನು ಸಲಹುವ ಕೇಂದ್ರಗಳಲ್ಲಿಯೂ, ಸರ್ಪದಂಶದ ಔಷಧಿಗಾಗಿ ವಿಷ ಸಂಗ್ರಹಿಸುವ ಸಂಸ್ಥೆಗಳಲ್ಲಿಯೂ ಹಾವುಗಳು ಸೆರೆಯಲ್ಲಿವೆ. ಅಂತಹ ಸೆರೆಯಲ್ಲಿ ಹೆಣ್ಣು ಹಾವೊಂದು ಮೊಟ್ಟೆಯಿಟ್ಟರೆ ಅಥವಾ ಮರಿ ಹಾಕಿದರೆ, ಅದನ್ನು ಇಟ್ಟುಕೊಂಡವನಿಗೆ ಆ ತಾಯಿಯ ವಿಷಯದಲ್ಲಿ ಇರುವ ಕರ್ತವ್ಯವೇನು? ಹಾವು ಮರಿಗಳಿಗೆ ಹಾಲೂಡುವುದಿಲ್ಲ, ಬಹುಪಾಲು ಜಾತಿಗಳು ಹೆತ್ತ ಮೇಲೆ ತಿರುಗಿಯೂ ನೋಡುವುದಿಲ್ಲ. ಹೀಗಿರುವಾಗ ಅದಕ್ಕೆ ಬಾಣಂತನವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವು ಮೇಲ್ನೋಟಕ್ಕೆ ಸಮಂಜಸವೆಂದು ತೋರಿದರೂ ಸರಿಯಾದುದಲ್ಲ. ಕರ್ತವ್ಯವು ಹುಟ್ಟುವುದು ಹಾವಿನ ಮಮತೆಯಿಂದಲ್ಲ, ಮನುಷ್ಯನು ಹಾಕಿದ ಅಗಳಿಯಿಂದ. ನೀರನ್ನೂ ನೆರಳನ್ನೂ ಬಿಸಿಲನ್ನೂ ತಾನೇ ಅರಸಿಕೊಳ್ಳುತ್ತಿದ್ದ ಜೀವಿಯ ದಾರಿಯನ್ನು ಯಾವನು ಮುಚ್ಚಿದನೋ ಅವನೇ ಅವೆಲ್ಲವನ್ನೂ ಒದಗಿಸಲು ಋಣಿಯಾಗುತ್ತಾನೆ.

ಆ ಋಣವು ಚಿಕ್ಕದಲ್ಲ. ಮಂಡಲದ ಹಾವು ಮೊಟ್ಟೆಯಿಡದೆ ಜೀವಂತ ಮರಿಗಳನ್ನೇ ಹಾಕುತ್ತದೆ. ಒಂದೇ ಬಾರಿಗೆ 20ರಿಂದ 40ರವರೆಗೆ ಮರಿಗಳಾಗುವುದು ಸಾಮಾನ್ಯ. ಹೆತ್ತ ಬಳಿಕ ತಾಯಿಯ ಚರ್ಮವು ಮಡಿಕೆಗಟ್ಟುತ್ತದೆ, ಬೆನ್ನೆಲುಬು ಎದ್ದು ಕಾಣುತ್ತದೆ. ಆಗ ಅದಕ್ಕೆ ಮೊದಲು ಬೇಕಾದುದು ಶುದ್ಧವಾದ ನೀರು. ಅನಂತರ ಪೊರೆಗಳನ್ನೂ ಕೆಟ್ಟ ಅಂಡಗಳನ್ನೂ ತೆಗೆದು ಸ್ವಚ್ಛಗೊಳಿಸಿದ ಸ್ಥಳ, ಬೆಚ್ಚಗಿನ ಒಂದು ಮೂಲೆ, ತಂಪಾದ ಇನ್ನೊಂದು ಮೂಲೆ, ಅಡಗಿಕೊಳ್ಳಲು ಕತ್ತಲೆ. ಹುಟ್ಟಿದ ದಿನದಿಂದಲೇ ವಿಷವುಳ್ಳ ಮರಿಗಳನ್ನು ಬೇರೆಯಾಗಿ ಇಡಬೇಕು. ಹೊಟ್ಟೆಯ ಹಿಂಭಾಗದಲ್ಲಿ ಉಬ್ಬು ಉಳಿದಿದ್ದರೆ ಮೊಟ್ಟೆ ಅಥವಾ ಮರಿ ಒಳಗೆ ಸಿಕ್ಕಿಕೊಂಡಿರಬಹುದಾದುದರಿಂದ ಪಶುವೈದ್ಯರಿಗೆ ತೋರಿಸಬೇಕು. ಆಹಾರವನ್ನು ಮೊದಲು ಚಿಕ್ಕದಾಗಿ ಕೊಟ್ಟು, ಜೀರ್ಣವಾದ ಮೇಲೆ ಕ್ರಮೇಣ ಹೆಚ್ಚಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೋಡಲು ಬಂದವರ ಕುತೂಹಲಕ್ಕಾಗಿ ಅದನ್ನು ಎತ್ತಬಾರದು. ಬೆಚ್ಚಗಿನ ಕೋಣೆ, ಮಂದವಾದ ಬೆಳಕು, ಮಿತವಾದ ಪಥ್ಯ, ಗದ್ದಲವಿಲ್ಲದ ದಿನಗಳು: ಬಾಣಂತಿಯ ಮನೆಯಲ್ಲಿ ಅಜ್ಜಿಯರು ಪಾಲಿಸುತ್ತಿದ್ದ ಕ್ರಮವು ಇದಕ್ಕಿಂತ ಬಹಳ ಬೇರೆಯಾದುದಲ್ಲ.

ಹೆಬ್ಬಾವಿನ ವಿಷಯವು ಇನ್ನೂ ವಿಚಾರಾರ್ಹವಾಗಿದೆ. ಅದು ಮೊಟ್ಟೆಗಳನ್ನು ಸುತ್ತಿಕೊಂಡು ಸುಮಾರು ಎರಡು ತಿಂಗಳು ಬಹುಮಟ್ಟಿಗೆ ನಿರಾಹಾರವಾಗಿ ಕಾಯುತ್ತದೆ. ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಪ್ರಾಣಿಸಂಗ್ರಹದಲ್ಲಿ 1841ರಲ್ಲಿ ಸೆರೆಯ ಹೆಬ್ಬಾವೊಂದು ಹೀಗೆ ಕಾವು ಕೂತಾಗ, ವಲೆನ್ಸಿಯೆನ್ ಎಂಬ ವಿದ್ವಾಂಸರು ಅದರ ಸುರುಳಿಗಳ ನಡುವಿನ ಶಾಖವನ್ನು ಅಳೆದು, ಅದು ಸುತ್ತಣ ಗಾಳಿಗಿಂತ ಹೆಚ್ಚಾಗಿರುವುದನ್ನು ಕಂಡರು. ಶೀತರಕ್ತದ ಜೀವಿಗೆ ಇದು ಸಾಧ್ಯವೇ ಎಂದು ಅನೇಕರು ನಂಬಲಿಲ್ಲ. 1966ರಲ್ಲಿ ನ್ಯೂಯಾರ್ಕಿನ ಮೃಗಾಲಯದಲ್ಲಿ ನಡೆದ ಪರೀಕ್ಷೆಯು, ತಾಯಿಯು ಮೈಯ ಸ್ನಾಯುಗಳನ್ನು ಅದುರಿಸಿ ಅದುರಿಸಿ ಆ ಶಾಖವನ್ನು ಹುಟ್ಟಿಸುತ್ತದೆಯೆಂಬುದನ್ನು ಸ್ಪಷ್ಟಪಡಿಸಿತು. ಇಂತಹ ತಾಯಿಗೆ ಕಾವಿನ ದಿನಗಳಲ್ಲಿ ನೀರು ಹತ್ತಿರವಿರಬೇಕು, ಸದ್ದು ದೂರವಿರಬೇಕು. ಮೊಟ್ಟೆಗಳನ್ನು ತೆಗೆದು ಯಂತ್ರದ ಶಾಖದಲ್ಲಿಟ್ಟರೂ ಅದು ಬರಿಯ ನೆಲವನ್ನೇ ಸುತ್ತಿಕೊಂಡು ಉಪವಾಸ ಮುಂದುವರಿಸುವುದುಂಟು. ಆದುದರಿಂದ ಅನುಭವಿಗಳಾದ ಪಾಲಕರು ಅದರ ಮೈಯನ್ನೂ ಗೂಡನ್ನೂ ತೊಳೆದು ಮೊಟ್ಟೆಯ ವಾಸನೆಯನ್ನು ಕಳೆದು, ಅದು ಪುನಃ ಆಹಾರಕ್ಕೆ ಮನಸ್ಸು ಮಾಡುವಂತೆ ನೋಡಿಕೊಳ್ಳುತ್ತಾರೆ.

ಇಲ್ಲಿಯೇ ನಿಜವಾದ ಧರ್ಮಪರೀಕ್ಷೆಯು ಎದುರಾಗುತ್ತದೆ. ಮರಿಗಳಿಂದ ಕೀರ್ತಿಯುಂಟು, ಕೆಲವು ದೇಶಗಳಲ್ಲಿ ಹಣವೂ ಉಂಟು. ಬಳಲಿದ ತಾಯಿಯಿಂದ ಏನೂ ಇಲ್ಲ. ಯುರೋಪಿನ ಶೀತಪ್ರದೇಶದ ಮಂಡಲ ಜಾತಿಗಳಲ್ಲಿ ಹೆಣ್ಣು ಕಳೆದುಕೊಂಡ ಕೊಬ್ಬನ್ನು ಕೂಡಿಸಿಕೊಳ್ಳಲು ಬಹುಮಟ್ಟಿಗೆ ಎರಡು ಮೂರು ವರ್ಷಗಳಿಗೊಮ್ಮೆ ಮಾತ್ರ ಮರಿ ಹಾಕುತ್ತದೆ. ಪ್ರಕೃತಿಯು ಬರೆದಿಟ್ಟ ಈ ಲೆಕ್ಕವನ್ನು ಮೀರಿ, ತಾಯಿಯ ತೂಕವು ಮರಳುವ ಮೊದಲೇ ಗಂಡಿನೊಡನೆ ಬಿಡುವವನು ಬಡ್ಡಿಯ ಆಸೆಗೆ ಅಸಲನ್ನೇ ತಿನ್ನುವ ಸಾಲಗಾರನಂತೆ ವರ್ತಿಸುತ್ತಾನೆ. ಆದಿಪರ್ವದ ವಿನತೆಯ ಕಥೆಯನ್ನು ಅರಿಯದವರು ವಿರಳ. ಕಾಯಲಾರದೆ ಮೊಟ್ಟೆಯನ್ನು ಒಡೆದುದರಿಂದ ಅರುಣನು ಅರ್ಧದೇಹಿಯಾಗಿ ಹುಟ್ಟಿದನು; ವಿನತೆಗೆ ದಾಸ್ಯವು ಪ್ರಾಪ್ತವಾಯಿತು. ಆತುರವು ಹಿಂಸೆಯ ಒಂದು ರೂಪವೆಂಬುದೇ ಇದರ ತಾತ್ಪರ್ಯ.

ಕಾಯುವ ಪುಣ್ಯವು ಪುರಾಣಕ್ಕೆ ಮಾತ್ರ ಸೇರಿದುದಲ್ಲ. 2022ರಲ್ಲಿ ಕಾಸರಗೋಡಿನ ಬಳಿಯ ಎರಿಯಾಲಿನಲ್ಲಿ ಹೆದ್ದಾರಿಯನ್ನು ಅಗಲಗೊಳಿಸುತ್ತಿದ್ದಾಗ ಮೋರಿಯಲ್ಲಿ ಮೊಟ್ಟೆಗಳನ್ನು ಸುತ್ತಿಕೊಂಡಿದ್ದ ಹೆಬ್ಬಾವೊಂದು ಕಂಡಿತು. ಅದನ್ನು ಸೆರೆಹಿಡಿಯದೆ, ಆ ಭಾಗದ ಕೆಲಸವನ್ನು 54 ದಿನ ನಿಲ್ಲಿಸಲಾಯಿತು. ಒಡೆಯುವ ಕಾಲ ಸಮೀಪಿಸಿದಾಗ 24 ಮೊಟ್ಟೆಗಳನ್ನು ಹಾವು ರಕ್ಷಿಸುವವರ ವಶಕ್ಕೆ ಕೊಟ್ಟು, ಹೊರಬಂದ ಮರಿಗಳನ್ನು ಕಾಡಿಗೆ ಬಿಡಲಾಯಿತು. ಯಂತ್ರಗಳು ಒಂದು ಮೂಕಜೀವಿಗಾಗಿ ಸುಮ್ಮನೆ ನಿಂತ ಆ ದಿನಗಳು ಯಾವ ವ್ರತಕ್ಕೂ ಕಡಿಮೆಯಲ್ಲ.

ಆಸ್ತಿಕರು ಚಿಂತಿಸಬೇಕಾದ ಮಾತು ಇನ್ನೊಂದಿದೆ. ಸೇವೆಯೆಂದರೆ ಕೊಡುವವನಿಗೆ ಪ್ರಿಯವಾದುದನ್ನು ಕೊಡುವುದೇ, ಪಡೆಯುವವರಿಗೆ ಬೇಕಾದುದನ್ನು ಕೊಡುವುದೇ? ನಾಗಶಿಲೆಗೆ ಹಾಲೆರೆಯುವುದು ಭಕ್ತಿ. ಜೀವಂತ ಹಾವಿಗೆ ಹಾಲು ಆಹಾರವಲ್ಲ. ಹಾವಾಡಿಗನ ಬುಟ್ಟಿಯಲ್ಲಿ ನೀರಿಲ್ಲದೆ ಬಳಲಿದ ಹಾವು ಹಾಲನ್ನು ಕುಡಿಯುವುದು ಬಾಯಾರಿಕೆಯಿಂದ, ಪ್ರೀತಿಯಿಂದಲ್ಲ. ಆ ಹಾಲು ಅದಕ್ಕೆ ಕೆಡುಕನ್ನೇ ಉಂಟುಮಾಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾವುಗಳನ್ನು ಹಿಡಿದು ಮನೆಯಲ್ಲಿಡುವುದನ್ನು ನಿಷೇಧಿಸಿದೆ. ಆದುದರಿಂದ ಅಧಿಕಾರವಿದ್ದು ಹಾವನ್ನು ಸಲಹುವವರಿಗೆ ಹೆತ್ತ ತಾಯಿಯ ಆರೈಕೆಯೇ ಧರ್ಮ; ಉಳಿದವರಿಗೆ ಹಿಡಿಯದಿರುವುದೇ ಧರ್ಮ. ಒಬ್ಬನು ನೀರಿಟ್ಟು ಬಾಗಿಲೆಳೆದು ಸದ್ದಿಲ್ಲದೆ ಹೊರಬರಬೇಕು. ಇನ್ನೊಬ್ಬನು ಬನದ ಅಂಚಿನಲ್ಲಿಯೇ ನಿಂತು ಕೈಮುಗಿಯಬೇಕು. ಎರಡರಲ್ಲಿಯೂ ನಾಗನಿಗೆ ಸಲ್ಲುವುದು ಒಂದೇ ಪೂಜೆ.